ಲಾರಿ ಮಾವನ ಸದ್ದು

ಅವರ ಬಲಗೈ ಎಡಗೈಗಿಂತ ಒಂದು ಬಣ್ಣ ಕಪ್ಪಾಗಿತ್ತು. ಮೊಣಕೈಯಿಂದ ಕೆಳಗೆ ಮಾತ್ರ. ದಿನವಿಡೀ ಲಾರಿಯ ಬಾಗಿಲಿನ ಮೇಲೆ ಆ ಕೈ ಊರಿ, ಬಿಸಿಲಿಗೆ ಒಡ್ಡಿ ಕೂತದ್ದರಿಂದ ಹಾಗಾದದ್ದು. ಎರಡೂ ಕೈ ಚಾಚಿ ಚಹಾದ ಲೋಟ ತೆಗೆದುಕೊಳ್ಳುವಾಗ ಬೇರೆ ಬೇರೆ ಇಬ್ಬರು ಒಂದೇ ಲೋಟಕ್ಕೆ ಕೈ ಹಾಕಿದ ಹಾಗೆ ಕಾಣುತ್ತಿತ್ತು. ಹೀಗೆಂದು ನನ್ನ ನೆನಪು. ಉಳಿದಿರುವ ಒಂದೇ ಫೋಟೋದಲ್ಲಿ ಅವರು ಯಾರದೋ ಮದುವೆಗೆಂದು ಉದ್ದ ತೋಳಿನ ಕೋಟು ಹಾಕಿಕೊಂಡಿದ್ದಾರೆ. ಪರೀಕ್ಷಿಸಿ ನೋಡುವ ದಾರಿ ಇಲ್ಲ.

ಕುಲಶೇಖರದಲ್ಲಿ ನಮ್ಮ ಮನೆಯಿಂದ ಮೂರನೆಯ ಹಿತ್ತಿಲು ಅವರದ್ದು. ರಕ್ತಸಂಬಂಧವೇನೂ ಇರಲಿಲ್ಲ, ನೆರೆಯವರಾದ್ದರಿಂದ ಮಾವ, ಲಾರಿ ಇದ್ದುದರಿಂದ ಲಾರಿ ಮಾವ. ಎರಡನೆಯ ಮಹಾಯುದ್ಧಕ್ಕೆ ನಾಲ್ಕೈದು ವರ್ಷ ಹಿಂದಿನ ಮಾತು. ಲಾರಿ ಎಂದರೆ ಈಗ ಕಣ್ಣಿಗೆ ಬರುವಂಥದ್ದಲ್ಲ. ಹಳೆಯ ಮೋಟಾರು ಕಾರೊಂದರ ಹಿಂದಿನ ಅರ್ಧವನ್ನು ಕತ್ತರಿಸಿ, ಅಲ್ಲಿ ಹಲಸಿನ ಹಲಗೆಯ ಪೆಟ್ಟಿಗೆ ಕೂರಿಸಿದ್ದರು. ಬೆಳಗ್ಗೆ ಕಾರ್ಖಾನೆಯಿಂದ ಹಂಚು ಹೇರಿಕೊಂಡು ಸುರತ್ಕಲ್ಲಿನ ಕಡೆಗೆ ಹೋಗುವುದು, ಸಂಜೆ ಅಲ್ಲಿಂದ ಸೌತೆ, ಬಸಳೆ, ತೆಂಗಿನಕಾಯಿ ತರುವುದು. ನಡುವೆ ಕೂಳೂರಿನ ಹೊಳೆ. ಆಗ ಅಲ್ಲಿ ಸೇತುವೆ ಇರಲಿಲ್ಲ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲಿನಲ್ಲಿ ಗಾಡಿಗಳನ್ನು ದಾಟಿಸುತ್ತಿದ್ದರು.

ಲಾರಿ ಕೈಗೆ ಬಂದ ತಿಂಗಳಲ್ಲೇ ಅವರು ಅದರ ಸೈಲೆನ್ಸರನ್ನು ಕಳಚಿಸಿದರು. ಹಂಚಿನ ಕಾರ್ಖಾನೆಯ ಗುಜರಿಯಲ್ಲಿ ಸಿಕ್ಕಿದ, ಉಗಿಯಂತ್ರದ ಕೊಳವೆಯ ತುಂಡೊಂದನ್ನು ಅದರ ಜಾಗದಲ್ಲಿ ಹಾಕಿಸಿದರು. ಆಮೇಲೆ ಆ ಗಾಡಿ ಕಂಕನಾಡಿ ಬಿಟ್ಟಾಗಲೇ ನಮ್ಮ ಜಗಲಿಗೆ ಕೇಳುತ್ತಿತ್ತು. ಕಂಕನಾಡಿ ಎಂದದ್ದು ಹೆಚ್ಚಾಯಿತೋ ಏನೋ. ನಂತೂರಿನಿಂದಾದರೂ ಖಂಡಿತ ಕೇಳುತ್ತಿತ್ತು.

ನಾನು ಆಗಷ್ಟೇ ಮದರಾಸಿನಲ್ಲಿ ಬಿ.ಎ. ಮುಗಿಸಿ ಬಂದು, ಕೆಲಸವಿಲ್ಲದೆ, ಊರಿನ ಎಲ್ಲ ವಿಷಯಕ್ಕೂ ಕಾರಣ ಕೇಳುತ್ತ ತಿರುಗುತ್ತಿದ್ದೆ. ನಮ್ಮ ಎದುರು ಮನೆಯಲ್ಲಿ ನಿವೃತ್ತ ಹೆಡ್ಮಾಷ್ಟ್ರು ಇದ್ದರು. ಅವರ ಮಗಳು ಹೆರಿಗೆಗೆ ಬಂದಿದ್ದಳು. ಒಂದು ದಿನ ಅವರು ಕೆಂಪು ಕಣ್ಣು ಮಾಡಿಕೊಂಡು ನಮ್ಮ ಜಗಲಿ ಹತ್ತಿದರು.

"ಮಗು ಕಣ್ಣು ಮುಚ್ಚಿದ ಕೂಡ್ಲೇ ಆ ಗಾಡಿ ಬರ್ತದೆ. ಮತ್ತೆ ಮಲಗಿಸ್ಲಿಕ್ಕೆ ಎರಡು ಗಂಟೆ. ಬಾಣಂತಿಗೆ ನಿದ್ದೆ ಇಲ್ಲ. ಅವನಿಗೆ ಹೇಳಿ ಹೇಳಿ ಸಾಕಾಯ್ತು. ನೀನು ಓದಿದವ, ಲೈಸೆನ್ಸಿನ ಕಚೇರಿಗೆ ಒಂದು ಅರ್ಜಿ ಬರೆದು ಕೊಡು. ಇಂಗ್ಲಿಷಿನಲ್ಲಿ."

"ನೀವೇ ಬರೀಬಹುದಲ್ಲ ಮಾಷ್ಟ್ರೇ?"

"ನನ್ನದು ಕನ್ನಡ ಶಾಲೆ ಮಾರಾಯ. ನನ್ನ ಇಂಗ್ಲಿಷಿಗೆ ಅವರು ಹೆದರುವುದಿಲ್ಲ."

ಬರೆದೆ. ಎರಡು ದಿನ ಕೂತು ಬರೆದೆ. ಆ ಅರ್ಜಿಯಲ್ಲಿ ಮಗುವಿನ ನಿದ್ದೆಗಿಂತ ನನ್ನ ಓದು ಹೆಚ್ಚು ಇತ್ತೆಂದು ಈಗ ಅನಿಸುತ್ತದೆ. ಮಾಷ್ಟ್ರೂ ಇನ್ನು ನಾಲ್ಕು ಮನೆಯವರೂ ಸಹಿ ಹಾಕಿದರು. ನನ್ನ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಎರಡು ವಾರ ಕಳೆದಿರಬೇಕು. ಲಾರಿ ಮಾವ ಒಂದು ಕಾಗದ ಹಿಡಿದುಕೊಂಡು ನಮ್ಮ ಮನೆಗೇ ಬಂದರು.

"ಇದರಲ್ಲಿ ಎಂತ ಉಂಟು, ಓದಿ ಹೇಳು ಮಾರಾಯ."

ಸದ್ದಿನ ಬಗ್ಗೆ ದೂರು ಬಂದಿದೆ, ಇಂಥ ದಿನ ಕಚೇರಿಗೆ ಬಂದು ತಕ್ಕ ಕಾರಣ ಹೇಳದಿದ್ದರೆ ಲೈಸೆನ್ಸು ರದ್ದಾಗುತ್ತದೆ ಎಂದಿತ್ತು. ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಲೈಸೆನ್ಸು ಹೋದ್ರೆ ಗಾಡಿಯೂ ಹೋಯ್ತು. ಬೇರೆಯವರ ಕಾರು ಓಡಿಸುವ ಹಾಗೂ ಇಲ್ಲ. ನಂಗೆ ಬೇರೆ ಕೆಲಸ ಎಂತ ಗೊತ್ತುಂಟು?"

"ಸೈಲೆನ್ಸರ್ ಹಾಕಿಸಿಬಿಡಿ ಮಾವ. ಕೇಸು ಅಲ್ಲಿಗೇ ಮುಗೀತದೆ."

"ಅದಾಗುವುದಿಲ್ಲ."

"ಯಾಕೆ? ನಿಮಗೆ ಯಾಕೆ ಬೇಕು ಇಷ್ಟು ಸದ್ದು?"

"ಬೇಕು. ನೀನು ಉತ್ತರ ಬರೆ. ಒಳ್ಳೆ ಇಂಗ್ಲಿಷ್ ಹಾಕು, ಆಯ್ತಾ? ದೂರು ಬರೆದವ ಭಾರಿ ಇಂಗ್ಲಿಷ್ ಹಾಕಿದ್ದಾನಂತೆ. ಈ ಕಾಗದ ಕೊಟ್ಟ ಗುಮಾಸ್ತ ಹೇಳಿದ."

ಆಗ ಅವರು ನನ್ನ ಮುಖ ನೋಡುತ್ತಿದ್ದರೋ, ಅಂಗಳ ನೋಡುತ್ತಿದ್ದರೋ? ಈ ಒಂದು ಜಾಗದಲ್ಲಿ ನೆನಪು ಸ್ಪಷ್ಟವಾಗಿದ್ದರೆ ಬೇರೆಲ್ಲ ಮರೆತುಹೋದರೂ ಚಿಂತೆಯಿರಲಿಲ್ಲ. ಸ್ಪಷ್ಟವಿಲ್ಲ. ಬರೆಯುತ್ತೇನೆ ಎಂದು ಒಪ್ಪಿಕೊಂಡದ್ದು ಮಾತ್ರ ಗೊತ್ತು.

ಕಾರಣ ಹುಡುಕುತ್ತ ಮೊದಲು ಹೋದದ್ದು, ಆ ಕೊಳವೆ ಕೂರಿಸಿದ ಫಿಟ್ಟರನ ಹತ್ತಿರ. ಅವನು ಕೈಗೆ ಮೆತ್ತಿದ ಎಣ್ಣೆಯನ್ನು ಬಟ್ಟೆಗೆ ಒರೆಸುತ್ತ, ಇದನ್ನೂ ಕೇಳಬೇಕೇ ಎಂಬಂತೆ ನೋಡಿದ.

"ಮೂಗು ಕಟ್ಟಿದ್ರೆ ನೀವು ಗುಡ್ಡೆ ಹತ್ತುತ್ತೀರಾ? ಎಂಜಿನಿಗೂ ಹಾಗೇ. ಹೊಗೆ ಸಲೀಸಾಗಿ ಹೊರಗೆ ಹೋದ್ರೆ ಬಲ ಬರ್ತದೆ."

ಒಪ್ಪುವಂಥ ಕಾರಣ. ಆದರೆ ನನಗೆ ಒಪ್ಪುವಂಥದ್ದು ಸಾಲದು, ಪರೀಕ್ಷೆ ಬೇಕಿತ್ತು. ತಂದೆಯವರ ಗಡಿಯಾರ ಕೇಳಿ ಪಡೆದೆ. ಒಂದು ಬೆಳಗ್ಗೆ ಮಾತ್ರ ಸೈಲೆನ್ಸರ್ ಹಾಕಿ ಓಡಿಸಿರೆಂದು ಮಾವನನ್ನು ಬೇಡಿಕೊಂಡೆ.

"ಒಂದೇ ಸಲ. ಯಾರಿಗೂ ಹೇಳ್ಬೇಡ," ಎಂದರು, ಸೀರೆ ಉಡಲು ಹೇಳಿದಂತೆ ನಾಚಿಕೊಂಡು.

ಹಂಚು ತುಂಬಿದ ಗಾಡಿಯನ್ನು ನಮ್ಮ ರಸ್ತೆಯ ಏರಿನಲ್ಲಿ ಸೈಲೆನ್ಸರ್ ಹಾಕಿ ಎರಡು ಸಲ, ತೆಗೆದು ಎರಡು ಸಲ ಹತ್ತಿಸಿದೆವು. ಗಡಿಯಾರಕ್ಕೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ವ್ಯತ್ಯಾಸ ಇದ್ದದ್ದು ಮಾವನಲ್ಲಿ. ಸೈಲೆನ್ಸರ್ ಇದ್ದಾಗ ಅವರು ಬೇರೆಯವರ ಅಂಗಿ ತೊಟ್ಟವರ ಹಾಗೆ ಭುಜ ಕುಗ್ಗಿಸಿ ಕೂತಿದ್ದರು. ಅರ್ಧ ಏರಿನಲ್ಲಿ ತಲೆ ಹೊರಗೆ ಹಾಕಿ, "ಎಂಜಿನ್ ಓಡ್ತಾ ಉಂಟಾ ಮಾರಾಯ, ನಿಂತಿತಾ?" ಎಂದು ನನ್ನನ್ನು ಕೇಳಿದರು. ಗಾಡಿ ಏರುತ್ತಲೇ ಇತ್ತು.

ಕೂಳೂರಿಗೂ ಹೋದೆ. ಜಂಗಲಿನವರು ಅವರನ್ನು ಬಾಯ್ತುಂಬ ಹೊಗಳಿದರು. ಉಳಿದ ಗಾಡಿಯವರು ದಡದಲ್ಲಿ ನಿಂತು ಕೂಗಿ ಕೂಗಿ ಗಂಟಲು ಹರಿದುಕೊಳ್ಳಬೇಕು. ಇವರದ್ದಾದರೆ ದೂರದಲ್ಲೇ ಕೇಳಿ ಜಂಗಲು ಹೊರಡುತ್ತದೆ, ಇವರು ಹೊಳೆಗೆ ಇಳಿಯುವಾಗ ಅದೂ ದಡಕ್ಕೆ ತಾಗುತ್ತದೆ. ಆಚೆ ದಡದ ಹೆಂಗಸರು ಈ ಸದ್ದು ಕೇಳಿದ ಮೇಲೆಯೇ ಬಸಳೆ ಕೊಯ್ಯುವುದಂತೆ, ಬಾಡಬಾರದೆಂದು. ಸಾರ್ವಜನಿಕ ಉಪಕಾರ! ನನಗೆ ಬೇಕಾದದ್ದು ಸಿಕ್ಕಿತ್ತು. ಆ ದಿನವೇ ಉತ್ತರ ಬರೆದು ಮುಗಿಸಿದೆ. ದೂರಿಗಿಂತ ಉದ್ದವಾಯಿತು.

ಅದನ್ನು ಓದಿ ಹೇಳಲು ಅವರ ಮನೆಗೆ ಹೋದಾಗ ಮಾವ ಇರಲಿಲ್ಲ. ಅತ್ತೆ ಗೇರುಬೀಜ ಸುಲಿಯುತ್ತ ಕೂತಿದ್ದರು. ಕಾರಣವೆಲ್ಲ ಕೇಳಿ ನಕ್ಕರು.

"ಬಸಳೆಗೆ ಸದ್ದು ಮಾಡುವುದಾ ಅವರು? ಮೊದಲು ಒಂದು ದೊಡ್ಡ ಮನೆಯಲ್ಲಿ ಡ್ರೈವರ್ ಇದ್ರು, ಗೊತ್ತುಂಟಲ್ಲ? ಆ ಅಮ್ಮನಿಗೆ ಬೆಳಗ್ಗೆ ಕಾರಿನ ಸದ್ದು ಆಗ್ಬಾರದು. ಧಣಿಯವರಿಗೆ ಬೇಗ ಹೊರಡ್ಲಿಕ್ಕುಂಟು. ಅದಕ್ಕೆ ಇವರು ಕಾರನ್ನು ಗೇಟಿನವರೆಗೆ ದೂಡಿಕೊಂಡು ಹೋಗಿ ರಸ್ತೆಯಲ್ಲಿ ಸ್ಟಾರ್ಟ್ ಮಾಡುವುದು. ದಿನಾ. ಎಷ್ಟು ವರ್ಷ! ಮನೆಗೆ ಬಂದ್ರೆ ಭುಜಕ್ಕೆ ಎಣ್ಣೆ ತಿಕ್ಕುವುದು ನಾನು."

ಕಾರಣವೆಂದರೆ ಇದು ಎಂದು ನನಗೆ ಮೈ ಝುಮ್ಮೆಂದಿತು. ಸಂಜೆ ಮಾವ ಬಂದ ಮೇಲೆ ಜಂಬದಿಂದಲೇ ಕೇಳಿದೆ: ಇಷ್ಟು ವರ್ಷ ಬಾಯಿ ಮುಚ್ಚಿಸಿದ್ದಕ್ಕೆ ಈಗ ಈ ಸದ್ದು, ಅಲ್ಲವಾ?

ಅವರು ಕಾಲು ತೊಳೆಯುತ್ತಿದ್ದವರು ಚೆಂಬು ಕೆಳಗಿಟ್ಟರು. "ಅವಳು ಹಾಗೆ ಹೇಳಿದ್ಲಾ? ಆ ಅಮ್ಮ ಪಾಪ, ಒಳ್ಳೆ ಹೆಂಗಸು. ನನ್ನ ಮದುವೆಗೆ ಸೀರೆ ಕೊಟ್ಟದ್ದು ಅವರೇ. ಅದಕ್ಕೂ ಇದಕ್ಕೂ ಎಂತ ಸಂಬಂಧ? ನಿಮಗೆ ಓದಿದವರಿಗೆ ಎಲ್ಲದಕ್ಕೂ ಹಿಂದಿನಿಂದ ಒಬ್ಬ ದೂಡುವವ ಬೇಕು."

ವಿಚಾರಣೆಯ ದಿನ ಬೆಳಗ್ಗೆ ಕಚೇರಿಗೆ ಹೋದೆವು. ಅಧಿಕಾರಿ ಮದರಾಸಿನ ಕಡೆಯವರು. ಕನ್ನಡ, ತುಳು ಎರಡೂ ಅಷ್ಟಕ್ಕಷ್ಟೆ. ಹಾಗಾಗಿ ಮಾವನ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸವೂ ನನಗೇ ಬಂತು. ದೂರುದಾರರ ಬೆಂಚಿನಲ್ಲಿ ಹೆಡ್ಮಾಷ್ಟ್ರು ಕೂತಿದ್ದರು. ನನ್ನನ್ನು ಮಾವನ ಪಕ್ಕದಲ್ಲಿ ಕಂಡು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆ ಉಪಕಾರಕ್ಕೆ ನಾನು ಅವರಿಗೂ ಋಣಿ.

ಅಧಿಕಾರಿ ನಮ್ಮ ಉತ್ತರವನ್ನು ಓದಿ, ಇದೆಲ್ಲ ನಿಜವೋ ಎಂದು ಕೇಳಿದರು. ಹೌದು ಎಂದರೆ ಸಾಕಿತ್ತು. ಮಾವ ಎದ್ದು ನಿಂತರು.

"ಅದೆಲ್ಲ ಇವ ಬರೆದದ್ದು ಸಾಹೇಬ್ರೇ. ಜಂಗಲಿನವರಿಗೆ ಕೇಳುವುದು ಹೌದು. ಆದ್ರೆ ನಾನು ಅದಕ್ಕೆ ಹಾಕಿದ್ದಲ್ಲ. ನಂಗೆ ಆ ಸದ್ದು ಖುಷಿ."

ಲೈಸೆನ್ಸು ಹೋಗುವುದೇ ಸೈ. ನಾನು ತಡವರಿಸದೆ ಇಂಗ್ಲಿಷಿನಲ್ಲಿ ಹೇಳಿದೆ: ಜಂಗಲಿನವರಿಗೆ ಇದರಿಂದ ಬಹಳ ಅನುಕೂಲ, ಹೊಳೆಯಾಚೆಯ ಬಡ ಹೆಂಗಸರ ಜೀವನವೇ ಈ ಸದ್ದನ್ನು ನಂಬಿದೆ ಎನ್ನುತ್ತಿದ್ದಾರೆ.

ಅಧಿಕಾರಿ ಪೆನ್ನು ಕೆಳಗಿಟ್ಟರು. ಈ ಮನುಷ್ಯ ಆಡಿದ್ದು ನಾಲ್ಕು ಮಾತು, ಕೊನೆಯದು ಖುಷಿ, ಅಷ್ಟು ನನಗೂ ತಿಳಿಯುತ್ತದೆ, ನೀನು ಹೇಳಿದ್ದರಲ್ಲಿ ಅದು ಎಲ್ಲಿದೆ ಎಂದು ಕೇಳಿದರು. ಅವರು ಮಾವನ ಕಡೆ ತಿರುಗಿ, ತಮಗೆ ಬರುವಷ್ಟು ಕನ್ನಡದಲ್ಲಿ, "ಖುಷಿ? ಅಷ್ಟೇ?" ಎಂದರು.

"ಅಷ್ಟೇ ಸಾಹೇಬ್ರೇ. ಮಗುವಿಗೆ ತೊಂದರೆ ಆಗ್ತದೆ, ಅದೂ ಹೌದು. ಮಾಷ್ಟ್ರು ಸುಳ್ಳು ಹೇಳುವವರಲ್ಲ."

ಅಧಿಕಾರಿ ಬಹಳ ಹೊತ್ತು ಬರೆದರು. ಊರಿನ ಗಡಿಯೊಳಗೆ ಸೈಲೆನ್ಸರ್ ಇರಲೇಬೇಕು, ಮತ್ತೆ ದೂರು ಬಂದರೆ ಲೈಸೆನ್ಸು ಇಲ್ಲ. ಗಡಿ ದಾಟಿದ ಮೇಲಿನ ವಿಷಯ ಈ ಅರ್ಜಿಗೆ ಸೇರಿದ್ದಲ್ಲ. ಲೈಸೆನ್ಸು ಉಳಿಯಿತು. ನನ್ನ ಇಂಗ್ಲಿಷಿನಿಂದ ಉಳಿದದ್ದಲ್ಲ.

ಹೊರಗೆ ಸುಡುಬಿಸಿಲು. ಹೆಡ್ಮಾಷ್ಟ್ರು ಕೊಡೆ ಬಿಚ್ಚಿ ಹೊರಟವರು, ಮಾವ ಲಾರಿಯ ಬಾಗಿಲು ತೆರೆದು ಹಿಡಿದದ್ದು ಕಂಡು, ಒಂದು ಕ್ಷಣ ನಿಂತು, ಹತ್ತಿ ಕೂತರು.

"ಮಗು ಮಲಗಿರ್ಬಹುದು. ಮೆಲ್ಲಗೆ ಹೋಗು ಮಾರಾಯ."

"ಮೆಲ್ಲಗೆ ಹೋದ್ರೂ ಸದ್ದು ಅಷ್ಟೇ ಮಾಷ್ಟ್ರೇ. ಇವತ್ತೊಂದು ದಿನ ಮಾಫ್ ಮಾಡಿ. ನಾಳೆ ಫಿಟ್ಟರ್ ಬರ್ತಾನೆ."

ಫಿಟ್ಟರ್ ಮರುದಿನ ಸೈಲೆನ್ಸರನ್ನು ಮತ್ತೆ ಕೂರಿಸಿ, ಅದರ ಮುಂದೆ ಕೊಳವೆಗೆ ಒಂದು ಮುಚ್ಚಳ ಮಾಡಿಕೊಟ್ಟ. ಕಾಲಿನ ಹತ್ತಿರದ ಸರಿಗೆ ತಂತಿ ಎಳೆದರೆ ಮುಚ್ಚಳ ತೆರೆದು ಹೊಗೆ ನೇರ ಹೊರಗೆ. ಒಂದು ದಿನ ನಾನೂ ಜೊತೆಗೆ ಹೋದೆ. ಊರು ಮುಗಿಯುವವರೆಗೆ ಅವರು ದೇವಸ್ಥಾನದಲ್ಲಿ ನಡೆಯುವವರ ಹಾಗೆ ಓಡಿಸಿದರು. ಗಡಿಯ ಕಲ್ಲು ದಾಟಿದ ಮೇಲೆ ಸರಿಗೆ ಎಳೆದರು. ನಾನು ಅವರ ಮುಖ ನೋಡುತ್ತಿದ್ದೆ, ಗೆದ್ದವರ ಗರ್ವ ಕಾಣಬಹುದೆಂದು. ಅಂಥದ್ದೇನೂ ಇರಲಿಲ್ಲ. ಊಟವಾದ ಮೇಲೆ ಎಲೆ ಅಡಿಕೆ ಬಾಯಿಗಿಟ್ಟವರ ಮುಖ ಹೇಗಿರುತ್ತದೋ ಹಾಗಿತ್ತು. ಪಕ್ಕದಲ್ಲಿ ಕೂತ ನನಗೂ ಎದೆಯೊಳಗೆ ಆ ಸದ್ದು ಗುಡುಗುಡು ಓಡಿತು. ಯಾಕೆಂದು ನಾನು ಕೇಳಲಿಲ್ಲ. ಒಂದು ಪ್ರಶ್ನೆಯನ್ನು ನಾನಾಗಿ ನುಂಗಿಕೊಂಡದ್ದು ಜೀವನದಲ್ಲಿ ಅದೇ ಮೊದಲಿರಬೇಕು. ತನ್ನನ್ನು ಉಳಿಸಬಲ್ಲ ಚಂದದ ಕಾರಣ ಕೈಯಲ್ಲೇ ಇದ್ದರೂ, ಅದು ತನ್ನದಲ್ಲ ಎಂದು ಪಕ್ಕಕ್ಕಿಟ್ಟ ಮನುಷ್ಯನನ್ನು ಆಮೇಲೆ ನಾನು ಹೆಚ್ಚು ಕಂಡಿಲ್ಲ. ನನ್ನನ್ನೂ ಸೇರಿಸಿ.

ಯುದ್ಧ ಬಂತು. ಪೆಟ್ರೋಲು ಸಿಗದಾಯಿತು. ಲಾರಿಯನ್ನು ಹಿತ್ತಿಲಲ್ಲಿ ಕಲ್ಲುಗಳ ಮೇಲೆ ನಿಲ್ಲಿಸಿದರು. ನಾನು ಪುತ್ತೂರಿನಲ್ಲಿ ಮೇಷ್ಟ್ರಾದೆ. ಮಾವನಿಗೆ ಲಕ್ವ ಹೊಡೆದಿದೆ ಎಂದು ಕಾಗದ ಬಂದಾಗ ಒಂದು ಭಾನುವಾರ ನೋಡಲು ಹೋದೆ. ಮಂಚದ ಪಕ್ಕ ಕೂತು, ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಹೇಳಿಬಿಟ್ಟೆ: ಮಾವ, ಆ ದೂರು ಬರೆದದ್ದು ನಾನೇ. ಅವರು ಕಣ್ಣು ಮುಚ್ಚಿಕೊಂಡೇ ನಕ್ಕರು. "ಗೊತ್ತಿತ್ತು ಮಾರಾಯ. ಗಂಟು ಹಾಕಿದವನಿಗೇ ಬಿಚ್ಚಲಿಕ್ಕೂ ಗೊತ್ತಿರ್ತದಲ್ಲ ಅಂತ ನಿನ್ನ ಹತ್ರ ಬಂದದ್ದು," ಎಂದರು. ಆ ವಾರ ಕಳೆಯುವುದರೊಳಗೆ ಅವರು ತೀರಿಕೊಂಡರು.

ಎಷ್ಟೋ ವರ್ಷ ಈ ಮಾತನ್ನು ಹಾಯಾಗಿ ಇಟ್ಟುಕೊಂಡಿದ್ದೆ. ಕಳೆದ ಬೇಸಿಗೆಯಲ್ಲಿ ಅತ್ತೆಯನ್ನು ಕಾಣಲು ಹೋದಾಗ, ಮಾವ ಆ ಭಾನುವಾರ ‘ಗೊತ್ತಿತ್ತು ಮಾರಾಯ’ ಎಂದು ಎಷ್ಟು ದೊಡ್ಡ ಮಾತು ಹೇಳಿದ್ದರು ಎಂದು ನೆನಪಿಸಿದೆ. ಅತ್ತೆ ನನ್ನನ್ನೇ ನೋಡಿದರು.

"ನೀನು ಬಂದದ್ದು ಹೌದು. ಕೂತದ್ದು ಹೌದು. ಆದ್ರೆ ಲಕ್ವ ಹೊಡೆದ ದಿವಸವೇ ಅವರ ಮಾತು ಹೋಗಿತ್ತಲ್ಲ ಮಗ. ನೀನು ಸಹ ಎಂತ ಮಾತಾಡ್ಲಿಲ್ಲ. ಚಹಾ ಕುಡಿದು, ಅವರ ಕೈ ಹಿಡಿದು, ಎದ್ದು ಹೋದೆ."

"ನೀವು ಒಳಗೆ ಹೋದಾಗ ಹೇಳಿರಬೇಕು."

"ನಾನು ಒಳಗೆ ಹೋಗ್ಲೇ ಇಲ್ಲ."

ಅತ್ತೆಯೇ ಮತ್ತೆ ಕೇಳಿದರು: "ಅದಿರ್ಲಿ. ಅವರು ಎಂತ ಗೊತ್ತಿತ್ತು ಅಂತ ಹೇಳಿದ್ದು ನಿಂಗೆ?"

"ಆ ದೂರು ಬರೆದದ್ದು ನಾನು ಅತ್ತೆ," ಎಂದೆ. ಹೇಳುವಾಗ ನನ್ನ ಧ್ವನಿ ನಡುಗಿತು. ಹಿಂದೆ ಒಮ್ಮೆಯಾದರೂ ಆಡಿದ ಮಾತು ಬಾಯಿಂದ ಹಾಗೆ ಬರುವುದಿಲ್ಲ.