ಗ್ವಾಡಿ ಟೇಬಲ್ಲಿನ ಬಿಳಿ ಉಂಗುರ

ಕಳೆದ ತಿಂಗಳು ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಗೆ ಒಂದು ಕನ್ಸೋಲ್ ಟೇಬಲ್ ನೋಡಲೆಂದು ಅಂಗಡಿಗೆ ಹೋಗಿದ್ದೆ. ಗಾಜಿನ ಹಲಗೆಯವು, ಕಬ್ಬಿಣದ ಕಾಲಿನವು, ಹೊಸದನ್ನೇ ಉಜ್ಜಿ ಹಳೆಯದರಂತೆ ಮಾಡಿ ನಿಲ್ಲಿಸಿದವು, ಎಲ್ಲವನ್ನೂ ದಾಟಿ ಹಿಂದಿನ ಕೋಣೆಯ ಬಾಗಿಲಿಗೆ ಬಂದಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಒಳಗೆ ಯಾರೋ ನಿಜವಾಗಿಯೂ ಹಳೆಯದಾದ ಸಾಗುವಾನಿ ಮೇಜೊಂದಕ್ಕೆ ಪಾಲಿಶ್ ಹಚ್ಚುತ್ತಿದ್ದರು. ಸ್ಪಿರಿಟ್ಟಿನಲ್ಲಿ ಕರಗಿದ ಅರಗಿನ ವಾಸನೆ ಅದು, ಮೊದಲು ಮೂಗನ್ನು ಚುಚ್ಚಿ ಆಮೇಲೆ ಸಿಹಿಯಾಗುವಂಥದ್ದು. ಅಂಗಡಿಯವರು ಏನೋ ಹೇಳುತ್ತಲೇ ಇದ್ದರು, ನನಗೆ ಕೇಳಿಸಲಿಲ್ಲ. ಕೋಟೆಯ ಕಂದಕದಾಚೆಯ ಓಣಿಯಲ್ಲಿ, ನಮ್ಮ ಹಳೆಯ ಮನೆಯ ಅಂಗಳದಲ್ಲಿ, ನಾನು ಮತ್ತೆ ಒಂಬತ್ತು ವರ್ಷದವಳಾಗಿ ನಿಂತಿದ್ದೆ.

ಅಬ್ಬಾ ಹಳೆಯ ಮರದ ಸಾಮಾನುಗಳಿಗೆ ಪಾಲಿಶ್ ಮಾಡುವವರು. ಊರಿನ ದೊಡ್ಡ ಮನೆಗಳ ಕಪಾಟು, ತೂಗುಮಣೆ, ಆರಾಮ ಕುರ್ಚಿಗಳೆಲ್ಲ ಒಂದೊಂದು ತಿಂಗಳು ನಮ್ಮ ಅಂಗಳದಲ್ಲಿ ಬಿಡಾರ ಹೂಡಿ ಹೋಗುತ್ತಿದ್ದವು. ನಮಗೆ ಸ್ವಂತದ ಮೇಜು ಎಂಬುದೇ ಇರಲಿಲ್ಲ. ಪರರ ಮೇಜುಗಳ ನಡುವೆ ಚಾಪೆ ಹಾಸಿಕೊಂಡು ಊಟ ಮಾಡುತ್ತಿದ್ದೆವು. ಅಮ್ಮಿ ಒಗೆದ ಬಟ್ಟೆಗಳನ್ನು ಎಷ್ಟೇ ದೂರ ಒಣಹಾಕಿದರೂ ಅರಗಿನ ವಾಸನೆ ಬಿಡುತ್ತಿರಲಿಲ್ಲ. ನಾನು ತರಗತಿಗೆ ಬಂದದ್ದು ಶಾಲೆಯ ಗೆಳತಿಯರಿಗೆ ತಿರುಗಿ ನೋಡದೆಯೇ ಗೊತ್ತಾಗುತ್ತಿತ್ತು. ಮನೆಯಲ್ಲಿ ಆಡುವ ಮಾತು ಉರ್ದು. ಆದರೆ ನನ್ನನ್ನು ಕನ್ನಡ ಶಾಲೆಗೆ ಹಾಕಿದ ಮೇಲೆ ಅಬ್ಬಾ ನನ್ನೊಡನೆ ಕನ್ನಡದಲ್ಲೇ ಮಾತಾಡಲು ಶುರುಮಾಡಿದ್ದರು, ನನ್ನ ನಾಲಿಗೆ ಹದವಾಗಲೆಂದು. ಗೋಡೆಗೆ ಆನಿಸಿ ನಿಲ್ಲಿಸುವ ಸಪೂರ ಮೇಜಿಗೆ ಕನ್ಸೋಲ್ ಎನ್ನುತ್ತಾರೆಂದು ಆಗ ನಮಗೆ ತಿಳಿದಿರಲಿಲ್ಲ. ಅಬ್ಬಾ ಅದನ್ನು ಗ್ವಾಡಿ ಟೇಬಲ್ ಎನ್ನುತ್ತಿದ್ದರು. ಅದರ ಬೆನ್ನಿಗೆ ಅವರು ಎಂದೂ ಪಾಲಿಶ್ ಹಚ್ಚಿದವರಲ್ಲ. ಯಾಕೆಂದು ಕೇಳಿದರೆ, "ಆ ಕಡೀದು ಗ್ವಾಡಿ ನೋಡ್ಕೋತೈತಿ ಬಿಡು," ಎನ್ನುವರು.

ಆ ವರ್ಷ ಬೇಸಿಗೆಯ ಆರಂಭದಲ್ಲಿ ಖಾನಾಪುರದಿಂದ ಒಂದು ಗ್ವಾಡಿ ಟೇಬಲ್ ಬಂತು. ಅಲ್ಲಿನ ಶಾಲೆಯೊಂದರಲ್ಲಿ ಕಲಿಸುತ್ತಿದ್ದ ಇಂದಿರಾ ಅಕ್ಕೋರದು. ಅವರ ಗಂಡ ಲೋಂಡಾದಲ್ಲಿ ರೈಲ್ವೆ ಕೆಲಸದಲ್ಲಿದ್ದವರು, ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳನ್ನು ನೋಡಲು ವರನ ಕಡೆಯವರು ಬರುವವರಿದ್ದರು. ಅಷ್ಟರೊಳಗೆ ಪಡಸಾಲೆಯ ಮೇಜಿನ ಅಲುಗಾಡುವ ಕಾಲು ಗಟ್ಟಿಯಾಗಬೇಕು, ಮೈಗೆ ಹೊಳಪು ಬರಬೇಕು ಎಂದು ಅಕ್ಕೋರು ಕೇಳಿಕೊಂಡಿದ್ದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿ ಹೋಗಿದ್ದರು, ನಾನು ಶಾಲೆಯಲ್ಲಿದ್ದ ಹೊತ್ತಿನಲ್ಲಿ. ಮೇಜಿನ ಬಲಬದಿಗೆ ಒಂದು ಬಿಳಿ ಉಂಗುರವಿತ್ತು. ರಾತ್ರಿಪಾಳಿ ಮುಗಿಸಿ ಬೆಳಗಿನ ರೈಲಿಗೆ ಬರುತ್ತಿದ್ದ ಯಜಮಾನರು ಬೂಟು ಬಿಚ್ಚುವ ಮೊದಲೇ ಬಿಸಿ ಚಹಾದ ಲೋಟವನ್ನು ಇಡುತ್ತಿದ್ದ ಜಾಗ ಅದು. ಅದೊಂದನ್ನು ಮುಟ್ಟಬೇಡಿ ಎಂದಿದ್ದರು ಅಕ್ಕೋರು. ಮರೆಯಬಾರದೆಂದು ಅಬ್ಬಾ ಅದರ ಸುತ್ತ ಖಡುವಿನಿಂದ ಒಂದು ಗೆರೆ ಎಳೆದಿಟ್ಟರು.

ಆದರೆ ನಮ್ಮ ಅಂಗಳದಲ್ಲಿ ಆ ಸೀಮೆಸುಣ್ಣದ ಗೆರೆಗೆ ಇದ್ದ ಅರ್ಥ ಒಂದೇ: ಇಲ್ಲಿ ದೋಷವಿದೆ, ಇದನ್ನು ತೆಗೆಯಬೇಕು. ಹುಟ್ಟಿದಾಗಿನಿಂದ ಅದನ್ನೇ ನೋಡಿ ಬೆಳೆದವಳು ನಾನು. ಮರುದಿನ ಅಬ್ಬಾ ಸಾಮಾನು ತರಲು ಪೇಟೆಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಒಂದು ಕೆಲಸ ಮುಗಿಸಿ ಶಹಬಾಸ್ ಅನ್ನಿಸಿಕೊಳ್ಳಬೇಕೆಂದು ನನಗೆ ಆಸೆಯಾಯಿತು. ಪಾಲಿಶ್ ಪೇಪರು ತೆಗೆದುಕೊಂಡು ಅವರು ಮಾಡುವ ಹಾಗೆಯೇ ಮರದ ಎಳೆಯ ಗುಂಟ ತಿಕ್ಕಿದೆ. ಅರಿವೆಯ ಉಂಡೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದೆ. ಉಂಗುರ ಮಸುಕಾಯಿತು, ಒಡೆಯಿತು, ಹೋಯಿತು. ಅಂಥ ಒಳ್ಳೆಯ ಕೆಲಸವನ್ನು ಅದಕ್ಕೂ ಮೊದಲು ನಾನು ಮಾಡಿರಲಿಲ್ಲ.

ಅಬ್ಬಾ ಬಂದು ನೋಡಿದರು. ಕೈಯಲ್ಲಿದ್ದ ಚೀಲವನ್ನು ಇಳಿಸಲೂ ಮರೆತು ನಿಂತರು. ನಾನು ನಗುತ್ತಾ ಅವರ ಮುಖ ನೋಡುತ್ತಿದ್ದೆ. ಆಮೇಲೆ ಅವರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಆ ಉಂಗುರ ಯಾರದೆಂದು ಮೆಲ್ಲಗೆ ಹೇಳಿದರು. ನಾನು ಅಳತೊಡಗಿದೆ. "ತಪ್ಪು ನಿಂದಲ್ಲ ಬೇಟಿ, ನನ್ನ ಖಡೂದು," ಎಂದರು ಅಬ್ಬಾ. ಅಡುಗೆಮನೆಯಿಂದ ಬಂದ ಅಮ್ಮಿ ಎಲ್ಲವನ್ನೂ ಕೇಳಿಸಿಕೊಂಡು, ಇದರಲ್ಲೇನಿದೆ, ಒಂದು ಬಿಸಿ ಲೋಟ ಇಟ್ಟರೆ ಅಂಥದೇ ಉಂಗುರ ಏಳುವುದಿಲ್ಲವೇ, ಯಾರಿಗೆ ತಿಳಿಯುತ್ತದೆ ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಹೊಸ ಮರವನ್ನು ನೂರು ವರ್ಷ ಹಳೆಯದು ಮಾಡಿ ತೋರಿಸುವ ಕೈ ಅಬ್ಬಾರದು. ಅವರೂ ಒಪ್ಪಿದಂತೆ ಕಂಡಿತು. ಅಮ್ಮಿ ನೀರು ಕುದಿಸಿ ಲೋಟ ತಂದಳು. ಅಬ್ಬಾ ಅದನ್ನು ಬಟ್ಟೆಯಲ್ಲಿ ಹಿಡಿದು, ಜಾಗ ನೋಡಿ, ಮೇಜಿನ ಮೇಲೆ ಬೆರಳೆರಡರಷ್ಟು ಎತ್ತರದಲ್ಲಿ ತುಂಬಾ ಹೊತ್ತು ನಿಲ್ಲಿಸಿಕೊಂಡರು. ಕೊನೆಗೆ ನೆಲದ ಮೇಲಿಟ್ಟರು. "ಇದು ನಮ್ಮ ಲೋಟ," ಎಂದಷ್ಟೇ ಹೇಳಿದರು.

ಎಂಟು ದಿನಗಳ ನಂತರ, ಕೌದಿ ಸುತ್ತಿದ ಮೇಜನ್ನು ಟೆಂಪೋದಲ್ಲಿ ಹೇರಿಕೊಂಡು ಅಬ್ಬಾ ನನ್ನನ್ನೂ ಕರೆದುಕೊಂಡು ಖಾನಾಪುರಕ್ಕೆ ಹೊರಟರು. ಅಕ್ಕೋರ ಪಡಸಾಲೆಯಲ್ಲಿ ಮೇಜನ್ನು ಅದರ ಜಾಗಕ್ಕೆ ನಿಲ್ಲಿಸಿ, ಕೌದಿ ತೆಗೆಯುವ ಮೊದಲೇ ಅಬ್ಬಾ ಹೇಳಿಬಿಟ್ಟರು.

"ಅಕ್ಕೋರ, ನನ್ನ ಕೈಲೆ ತಪ್ಪಾಗೇತ್ರಿ. ನೀವು ಬ್ಯಾಡ ಅಂದಿದ್ದು ಅಳಿಸಿ ಹೋಗೇತಿ."

"ಅಬ್ಬಾ ಅಲ್ಲರಿ, ನಾ ಅಳಿಸಿದ್ದು," ಎಂದೆ ನಾನು.

ಅಕ್ಕೋರು ಕೌದಿ ಸರಿಸಿದರು. ಬಲಬದಿಯ ಹಲಗೆಯ ಮೇಲೆ ಅಂಗೈಯಾಡಿಸಿದರು, ಕಣ್ಣಿಗೆ ಕಾಣದ್ದು ಕೈಗೆ ಸಿಕ್ಕೀತೆಂಬಂತೆ. ನಂತರ ಒಳಗೆ ಹೋದರು. ನಾವು ನಿಂತೇ ಇದ್ದೆವು. ಒಳಗಿಂದ ಪಾತ್ರೆಯ ಸದ್ದು ಕೂಡ ಇಲ್ಲ. ಬಹಳ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಹೊರಗೆ ಬಂದರು.

"ಕುಂದರ್ರಿ ಮಿಸ್ತ್ರಿ. ನನಗ ಸಿಟ್ಟು ಬಂದೇತಿ, ಇಲ್ಲ ಅನ್ನೂದಿಲ್ಲ. ಆದ್ರ ಒಂದು ಕೇಳ್ತೀನಿ. ನಿಮಗ ಮತ್ತೊಂದು ಉಂಗುರ ಮಾಡಾಕ ಬರ್ತಿರಲಿಲ್ಲೇನು?"

"ಬರ್ತಿತ್ರಿ," ಎಂದರು ಅಬ್ಬಾ, ನೆಲ ನೋಡುತ್ತಾ. "ಮಾಡಾಕ ಹೋಗಿದ್ದೂ ಖರೇ."

ಅಕ್ಕೋರು ನನ್ನನ್ನು ಹತ್ತಿರ ಕೂರಿಸಿಕೊಂಡು ತಮ್ಮ ಯಜಮಾನರ ವಿಷಯ ಹೇಳತೊಡಗಿದರು. ರೈಲು ತಡವಾದ ದಿನ ಬಿಸಿಲೇರಿದ ಮೇಲೆ ಬರುವರಂತೆ. ಕಾಡಿನ ದಾರಿಯಲ್ಲಿ ಕಂಡ ಕಾಡುಕೋಣಗಳ ಲೆಕ್ಕವನ್ನು ಮಗಳಿಗೆ ಹೆಚ್ಚಿಸಿ ಹೇಳುವರಂತೆ. ಲೋಟದ ಕೆಳಗೆ ಏನಾದರೂ ಇಡಿ ಎಂದು ಇವರು ಪ್ರತಿದಿನ ಬೈದರೂ ಒಮ್ಮೆಯೂ ಇಡಲಿಲ್ಲವಂತೆ. "ಇಷ್ಟ ದಿನ ಇದು ನನಗೊಬ್ಬಾಕಿಗೆ ಗೊತ್ತಿತ್ತು, ಟೇಬಲ್ಲಿಗೆ ಗೊತ್ತಿತ್ತು. ಈಗ ನೀ ನೆನಪಿಡಬೇಕವ್ವಾ," ಎಂದರು. ತಟ್ಟೆಯಲ್ಲಿ ಒಗ್ಗರಣೆ ಅವಲಕ್ಕಿ ಕೊಟ್ಟರು. ನಾನು ಅರ್ಧಕ್ಕೇ ಬಿಟ್ಟೆ. ಅಬ್ಬಾ ಮಾತ್ರ ಒಂದು ಕಾಳೂ ಬಿಡದೆ ತಿಂದರು. ಕೊಟ್ಟದ್ದನ್ನು ತಟ್ಟೆಯಲ್ಲಿ ಬಿಟ್ಟು ಇನ್ನೊಂದು ತಪ್ಪು ಮಾಡಬಾರದೆಂದಿತ್ತೋ ಏನೋ.

ಅಂದಿನಿಂದ ಬೆಳಗಾವಿಗೆ ಬಂದಾಗಲೆಲ್ಲ ಅಕ್ಕೋರು ನಮ್ಮ ಅಂಗಳಕ್ಕೆ ಬರತೊಡಗಿದರು. ನನ್ನ ಪ್ರಬಂಧಗಳನ್ನು ತಿದ್ದಿದರು, ಮಗಳ ಮದುವೆಗೆ ನಮ್ಮನ್ನೆಲ್ಲ ಕರೆದರು. ನಾನು ಮುಂದೆ ಶಿಕ್ಷಕಿಯಾದದ್ದು ಅವರನ್ನು ನೋಡಿಯೇ. ಅಬ್ಬಾರ ಕೆಲಸ ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ಜನರಿಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕೆನ್ನುವ ಮೇಜುಗಳು ಸಿಕ್ಕಿದ್ದವು. ಅದಕ್ಕಾಗಿ ಅವರು ಯಾರನ್ನೂ ದೂರಲಿಲ್ಲ.

ಅಬ್ಬಾ ತೀರಿಕೊಂಡ ನಲವತ್ತನೆಯ ದಿನದ ಪ್ರಾರ್ಥನೆಗೆ ಅಕ್ಕೋರು ಒಬ್ಬರೇ ಬಸ್ಸಿನಲ್ಲಿ ಬಂದರು, ಆಗಲೇ ಮಂಡಿನೋವಿನಿಂದ ಸರಿಯಾಗಿ ನಡೆಯಲಾಗುತ್ತಿರಲಿಲ್ಲ. ಖಾಲಿ ಅಂಗಳದಲ್ಲಿ ಅಮ್ಮಿಯ ಪಕ್ಕ ಚಾಪೆಯ ಮೇಲೆ ಕುಳಿತರು. "ಆವತ್ತ ನಿಮ್ಮ ಮನಿಯವರು ಸುಳ್ಳ ಉಂಗುರ ಮಾಡಿ ತಂದಿದ್ರ ನನಗ ಗೊತ್ತಾಗ್ತಿರಲಿಲ್ಲ," ಎಂದರು. "ಸುಖದಾಗ ಇರ್ತಿದ್ದೆ. ಆದ್ರ ಬೆಳಗಾವ್ಯಾಗ ನನಗ ಇಂಥದೊಂದು ಮನಿ ಐತಿ ಅಂತನೂ ಗೊತ್ತಾಗ್ತಿರಲಿಲ್ಲ." ಅಮ್ಮಿಗೆ ಕನ್ನಡ ಅಷ್ಟಾಗಿ ಬಾರದು. ಆದರೂ ಅವಳು ಅಕ್ಕೋರ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

ಈಗ ಆ ಅಂಗಳವಿಲ್ಲ, ಅಲ್ಲೊಂದು ಮೂರಂತಸ್ತಿನ ಕಟ್ಟಡ ಎದ್ದಿದೆ. ಅಕ್ಕೋರೂ ಇಲ್ಲ, ಅಮ್ಮಿಯೂ ಇಲ್ಲ. ಆ ಮೇಜು ಯಾರ ಮನೆಯ ಗೋಡೆಗೆ ಆನಿಸಿ ನಿಂತಿದೆಯೋ ತಿಳಿಯದು. ಆದರೆ ಆ ನಲವತ್ತನೆಯ ದಿನ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ಮಾತ್ರ ತಿಳಿಯುತ್ತಿದ್ದ ಆ ಇಬ್ಬರು ಹೆಂಗಸರು ಹೊತ್ತು ಇಳಿಯುವ ತನಕ ಕೂತೇ ಇದ್ದರು. ಖಾನಾಪುರದ ಬಸ್ಸಿಗೆ ಹೊತ್ತಾಯಿತೆಂದು ನಾನು ಎರಡು ಸಲ ನೆನಪಿಸಿದೆ. ಇಬ್ಬರೂ ಏಳಲಿಲ್ಲ.