ಹೆಗಲ ಮೇಲಿನ ಅರಿಶಿನ

ಕೊರೊನಾದ ಎರಡನೇ ವರ್ಷ. ಮೂರು ತಿಂಗಳಿಗೆಂದು ಮೈಸೂರಿನಿಂದ ಐರ್ಲೆಂಡಿಗೆ ಮಗನ ಮನೆಗೆ ಹೋದವಳು, ವಿಮಾನ ನಿಂತು ಕಾರ್ಕ್ ಊರಿನ ಡಗ್ಲಸ್‌ನಲ್ಲೇ ಉಳಿದುಬಿಟ್ಟಿದ್ದೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ಇದನ್ನು ಹೇಳದೆ ಇರಲಾರೆ.

ನನ್ನ ಮೊಮ್ಮಗಳು ಮಾಯಾ ಅಲ್ಲಿನ ಸೈನ್ಯದಲ್ಲಿ ಆಫೀಸರ್ ಆದಳು! ಅವಳಮ್ಮ, ನನ್ನ ಸೊಸೆ ಎಲೇನಾ, ಸ್ಪೇನ್ ದೇಶದವಳು. ಹೊರದೇಶದ ಮೂಲದ ಹುಡುಗಿ ಇಡೀ ತಂಡದಲ್ಲಿ ಮಾಯಾ ಒಬ್ಬಳೇ.

ಆಫೀಸರ್ ಆಗುವ ದಿನ ಹೆಗಲಿನ ಪಟ್ಟಿಗೆ ಹುದ್ದೆಯ ಗುರುತು ತೊಡಿಸುವವರು ಮನೆಯವರಂತೆ. ನಾನು ರೇಷ್ಮೆ ಸೀರೆ ತೆಗೆದಿಟ್ಟು ಕಾದಿದ್ದೆ. ಕೊರೊನಾ ಅಂತ ನಮ್ಮನ್ನು ಒಳಗೆ ಬಿಡಲಿಲ್ಲ. ಜೊತೆಯವರೇ ಒಬ್ಬರಿಗೊಬ್ಬರು ತೊಡಿಸಿದ್ದನ್ನು ಕಂಪ್ಯೂಟರಿನಲ್ಲಿ ನೋಡಿದೆವು. ಎಲೇನಾಗೆ ಕನ್ನಡ ಬಾರದು, ನನಗೆ ಅವಳ ಮಾತು ಬಾರದು. ಕೈ ಹಿಡಿದುಕೊಂಡು ಇಬ್ಬರೂ ಅತ್ತೆವು.

ಆ ಶನಿವಾರ ಮಾಯಾ ಯೂನಿಫಾರ್ಮಿನಲ್ಲೇ ಮನೆಗೆ ಬಂದಳು. ಹೆಗಲ ಪಟ್ಟಿಗೆ ತೂರಿಸಿದ್ದ, ಬಟ್ಟೆಯ ಕವಚದಂಥ ಎರಡೂ ಗುರುತು ಕಳಚಿ, ಒಂದನ್ನು ಅವಳಮ್ಮನ ಕೈಗೆ, ಇನ್ನೊಂದನ್ನು ನನ್ನ ಕೈಗೆ ಇಟ್ಟಳು.

"ಅಜ್ಜಿ, ನೀವು ಹಾಕಿದ್ರೇನೇ ರಿಯಲ್."

ಹೊಸ ಬಟ್ಟೆಗೆ ಅರಿಶಿನ ಮುಟ್ಟಿಸದೆ ತೊಡುವುದುಂಟೇ? ಅಡುಗೆಮನೆಗೆ ಓಡಿ ಬೆರಳಿಗೆ ಅರಿಶಿನ ಅದ್ದಿಕೊಂಡು ಬಂದೆ. ಇಡಬೇಕೆಂದಿದ್ದು ಒಂದು ಚುಕ್ಕಿ. ಸಂತೋಷದ ಭರದಲ್ಲಿ ಹೆಗಲ ಪಟ್ಟಿಗೆ ಬೆರಳುದ್ದ ಬಳಿದುಬಿಟ್ಟೆ.

"ಅಯ್ಯೋ ಅಮ್ಮ, ಏನ್ ಮಾಡ್ಬಿಟ್ಟೆ! ಸೋಮವಾರ ಇನ್‌ಸ್ಪೆಕ್ಷನ್ ಇದೆ ಅವಳಿಗೆ. ಒಂದು ಕೂದಲು ಅಂಟಿದ್ರೂ ಬೈತಾರೆ!" ಎಂದು ಮಗ ಕೂಗಿಕೊಂಡ.

ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ಹಸಿರಿನ ಮೇಲೆ ಹಳದಿ ಎದ್ದು ಕಾಣುತ್ತಿತ್ತು. ಮಗು ಚಳಿಯಲ್ಲಿ, ಕೆಸರಲ್ಲಿ ಹೊರಳಾಡಿ ಸಂಪಾದಿಸಿದ್ದನ್ನು ಒಂದು ಬೆರಳಲ್ಲಿ ಕೆಡಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಮಾಯಾ ನಗುತ್ತಾ ನನ್ನ ಮುಂದೆ ಮಂಡಿಯೂರಿದಳು. "ಗ್ರ್ಯಾಂಡ್, ಅಜ್ಜಿ, ಗ್ರ್ಯಾಂಡ್." ಅಲ್ಲಿನವರು ಪರವಾಗಿಲ್ಲ ಅನ್ನಲು ಹಾಗನ್ನುತ್ತಾರೆ. "ಫಸ್ಟ್ ಅದನ್ನ ಹಾಕಿ."

ಗುರುತನ್ನು ಪಟ್ಟಿಗೆ ತೂರಿಸಿದೆ. ಅರಿಶಿನ ಪೂರ್ತಿ ಮುಚ್ಚಿಹೋಯಿತು!

"ಸೀ? ಇನ್ನು ಯಾರೂ ತೊಳೀಬೇಡಿ. ಇದು ನಂದು" ಎಂದಳು.

ಸೋಮವಾರ ಫೋನ್ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. "ಅಜ್ಜಿ, ಯಾರಿಗೂ ಗೊತ್ತಾಗ್ಲಿಲ್ಲ!" ಎಂದು ಕಿರುಚಿದಳು. ಮರುದಿನದಿಂದಲೇ ಕೊರೊನಾ ಟೆಸ್ಟ್ ಮಾಡುವ ಜಾಗದಲ್ಲಿ ಅವಳಿಗೆ ಡ್ಯೂಟಿ. ಕೈಕೆಳಗೆ ಜನ ಬೇರೆ!

ಈಗ ಮೈಸೂರಿಗೆ ಮರಳಿದ್ದೇನೆ. ಆ ಅರಿಶಿನ ಇವತ್ತಿಗೂ ಹಾಗೇ ಇದೆಯಂತೆ. ಯಾರಾದರೂ ನನ್ನ ಮೊಮ್ಮಗಳಿಗೆ ಸಲ್ಯೂಟ್ ಹೊಡೆದರೆ, ಅದರಲ್ಲಿ ಚೂರು ನನ್ನ ಬೆರಳಿಗೂ ಸೇರುತ್ತದೆ ಅಂದುಕೊಂಡಿದ್ದೇನೆ. ನಗಬೇಡಿ.