ರೊಟ್ಟಿ ಬಡಿದು ಕಲಿಸಿದ ಇಂಗ್ಲಿಷ್

ನನಗೆ ಇಂಗ್ಲಿಷ್ ಬಾರದು. ಆದರೂ ಮೊಮ್ಮಗಳಿಗೆ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸಿದವಳು ನಾನೇ. ನಾನು ಜೋಳದ ರೊಟ್ಟಿ ಬಡಿಯುವಾಗ ಅವಳು ಒಂದೊಂದು ಬಡಿತಕ್ಕೆ ಒಂದೊಂದು ಅಕ್ಷರ ಹೇಳಬೇಕು. ಶಬ್ದ ಮುಗಿದರೆ ರೊಟ್ಟಿಯೂ ಮುಗಿಯಿತು.

“ಈ ರೊಟ್ಟಿ ಯಾಕಬೇ ಯವ್ವಾ ಇಷ್ಟು ದಪ್ಪ?” ಎಂದು ಮಗ ಕೇಳಿದ.

“ಅದು ಫ್ರೆಂಡ್. ರೆಸ್ಟೋರೆಂಟ್ ತಿನ್ನು, ತೆಳ್ಳಗೈತಿ.”

ಲಿಂಗಸುಗೂರಿನ ಸ್ಪೆಲ್ಲಿಂಗ್ ಸ್ಪರ್ಧೆಯಲ್ಲಿ ಕೊನೆಯ ಶಬ್ದಕ್ಕೆ ಹುಡುಗಿ ವೇದಿಕೆಯ ಮೇಲೆ ಸುಮ್ಮನೆ ನಿಂತುಬಿಟ್ಟಳು. ಬಹುಮಾನ ಹೋಯಿತು ಅಂದುಕೊಂಡು ಹಿಂದೆ ಕೂತಿದ್ದ ನಾನು ಬೆಂಚನ್ನೇ ಅಂಗೈಯಿಂದ ಬಡಿಯತೊಡಗಿದೆ. ಅವಳ ಬಾಯಿಂದ ಅಕ್ಷರಗಳು ಉದುರಿದವು.

“ಹೇಳಿಕೊಡಬ್ಯಾಡ್ರಿ ಅಮ್ಮಾ!” ಎಂದರು ಮಾಸ್ತರು.

“ನಂಗ ಎಬಿಸಿಡಿನೂ ಬರಂಗಿಲ್ರಿ. ಬರೇ ರೊಟ್ಟಿ ಬಡಿಯಾಕತ್ತೀನಿ.”

ಅವರು ನಿಯಮದ ಹಾಳೆಯನ್ನು ಎರಡು ಸಲ ಓದಿದರು. ಅದರಲ್ಲಿ ರೊಟ್ಟಿಯ ಸುದ್ದಿಯೇ ಇರಲಿಲ್ಲ. ಬಹುಮಾನ ಅವಳಿಗೆ ಕೊಟ್ಟು, ನನ್ನನ್ನು ಹೊರಗೆ ಕೂರಿಸಿದರು.